ಬೆಟ್ಟದ ಮೇಲಿನ ಭಾರ

ನಮ್ಮ ಸೇಡಂ ಸೀಮೆ ಬಹುಮಟ್ಟಿಗೆ ಸಮನಾದ ನೆಲ. ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಅಲ್ಲಿಯ ನೇಮಿನಾಥ ಬಸದಿಯ ದರ್ಶನಕ್ಕೆ ಬೆಟ್ಟವೇರುವ ಶ್ರಮವಿಲ್ಲ. ಮುಧೋಳದಲ್ಲಿ ತೊಗರಿ ವ್ಯಾಪಾರ ಮಾಡಿಕೊಂಡು ಬಂದ ನನಗೆ ಏರು ಎಂದರೇನೆಂದು ತಿಳಿದುದು ಶ್ರವಣಬೆಳಗೊಳದಲ್ಲಿ.

ದೊಡ್ಡಬೆಟ್ಟವೆಂಬ ವಿಂಧ್ಯಗಿರಿಯು ಕೆಳಗಿನ ಬಯಲಿನಿಂದ ಸುಮಾರು 470 ಅಡಿ ಎತ್ತರವಿದೆ. ದಾರಿ ಅಲ್ಪ, ಏರು ಕಠಿಣ. ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಬೆಳಗಿನಲ್ಲಿ ತಣ್ಣಗಿದ್ದ ಕಲ್ಲು ಹೊತ್ತೇರಿದಂತೆ ಅಂಗಾಲನ್ನು ಸುಡುತ್ತದೆ.

2018ರ ಮಹಾಮಸ್ತಕಾಭಿಷೇಕದ ಗದ್ದಲವೆಲ್ಲ ಮುಗಿದ ಮೇಲೆ ನಾನು ಸಕುಟುಂಬನಾಗಿ ಅಲ್ಲಿಗೆ ಹೋದೆನು. ಮೊಣಕಾಲು ನೋವಿತ್ತು, ಡೋಲಿ ಹಿಡಿದೆನು. ಹೊರುವವರು ಹೇಳಿದ ಕೂಲಿಯನ್ನು ವ್ಯಾಪಾರಿಯ ಅಭ್ಯಾಸದಂತೆ ಜಗ್ಗಿ ಜಗ್ಗಿ ಇನ್ನೂರು ರೂಪಾಯಿ ಇಳಿಸಿದೆನು. ನಾಲ್ವರು ನನ್ನನ್ನು ಹೊತ್ತರು. ನಾನು ಣಮೋಕಾರ ಮಂತ್ರ ಜಪಿಸುತ್ತ ಕುಳಿತಿದ್ದೆನು. ಏಕಶಿಲೆಯಲ್ಲಿ ಕಡೆದ ಅಖಂಡ ಬಾಗಿಲಿನ ಬಳಿ ಅವರು ಡೋಲಿ ಇಳಿಸಿ ಉಸಿರು ತೆಗೆದುಕೊಂಡರು. ಮುಂದಿನವನ ಹೆಗಲ ಮೇಲೆ ಬೊಂಬು ಒತ್ತಿದ ಕೆಂಪು ಗೆರೆ ಕಂಡಿತು. ನಾನು ನೋಟವನ್ನು ಬೇರೆಡೆಗೆ ತಿರುಗಿಸಿದೆನು. ಮೇಲೆ ಸ್ವಾಮಿಯ ಸನ್ನಿಧಿಯಲ್ಲಿ ಸಾವಿರದ ಒಂದು ರೂಪಾಯಿ ಕಾಣಿಕೆ ಸಲ್ಲಿಸಿ, ಹೆಸರು ಬರೆಯಿಸಿ, ರಶೀದಿ ಪಡೆದೆನು.

ಊರಿಗೆ ಬಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಸ್ವಾಧ್ಯಾಯಕ್ಕೆ ತೆಗೆದಾಗ ಅಹಿಂಸಾಣುವ್ರತದ ಐದು ಅತಿಚಾರಗಳು ಎದುರಾದವು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾಲ್ಕನೆಯದನ್ನು ನಾನು ಎಷ್ಟೋ ಸಲ ಎತ್ತು, ಕತ್ತೆಗಳ ವಿಷಯವೆಂದು ಓದಿ ಮುಂದೆ ಸಾಗಿದ್ದೆನು. ಅಂದು ಆ ಕೆಂಪು ಗೆರೆ ಕಣ್ಣ ಮುಂದೆ ನಿಂತಿತು. ನನ್ನ ಅಂಗಡಿಯ ಹಮಾಲರ ಬೆನ್ನುಗಳೂ ನೆನಪಾದವು. ಅವರ ಹಮಾಲಿಯಲ್ಲಿಯೂ ನಾನು ಹೀಗೆಯೇ ಜಗ್ಗಿದವನಲ್ಲವೇ? ಹೊತ್ತವನಿಂದ ಉಳಿಸಿದ ಇನ್ನೂರು ರೂಪಾಯಿ ನನ್ನ ಸಾವಿರದ ದಾನದೊಳಗೆ ಸೇರಿಹೋಗಿತ್ತು. ಅಷ್ಟರಮಟ್ಟಿಗೆ ಆ ದಾನ ಅವನದು, ರಶೀದಿ ಮಾತ್ರ ನನ್ನದು.

ಡೋಲಿ ಹತ್ತುವುದೇ ದೋಷವೆಂದು ನಾನು ಹೇಳುವುದಿಲ್ಲ. ವೃದ್ಧರಿಗೆ, ರೋಗಿಗಳಿಗೆ ಅದರಿಂದಲೇ ದರ್ಶನ. ಹೊರುವವರಿಗೆ ಅದರಿಂದಲೇ ಅನ್ನ. ದೋಷವಿರುವುದು ಭಾರವನ್ನು ಹೊರಿಸಿ ಅದರ ಬೆಲೆಯನ್ನು ಕಡಿಯುವುದರಲ್ಲಿ.

ಮರುವರ್ಷ ಮತ್ತೆ ಹೋದೆನು. ಕೋಲು ಹಿಡಿದು, ಕುಳಿತು ಕುಳಿತು ನಡೆದೇ ಹತ್ತಿದೆನು. ಮುಂದಿನ ಮೆಟ್ಟಿಲನ್ನು ನೋಡಿಯೇ ಹೆಜ್ಜೆ ಇಡಬೇಕಾದುದರಿಂದ ಇರುವೆಗಳ ಸಾಲೂ ಕಣ್ಣಿಗೆ ಬಿದ್ದಿತು. ಮುನಿಗಳ ಈರ್ಯಾಸಮಿತಿಯ ಅರ್ಥ ಮೊಣಕಾಲು ನೋವಿನಿಂದ ತುಸು ತಿಳಿಯಿತು. ಮೇಲೆ ಗುಳ್ಳಕಾಯಜ್ಜಿಯ ವಿಗ್ರಹದೆದುರು ಬಹಳ ಹೊತ್ತು ನಿಂತೆನು. ಚಾವುಂಡರಾಯನ ಕೊಡಗಟ್ಟಲೆ ಹಾಲು ತಲುಪದ ಪಾದಗಳಿಗೆ ಆಕೆಯ ಗುಳ್ಳಕಾಯಿಯಷ್ಟು ಹಾಲು ತಲುಪಿತೆಂಬ ಐತಿಹ್ಯ ನಮ್ಮ ಮಕ್ಕಳಿಗೂ ಗೊತ್ತು. ಕೆಳಗಿಳಿದು ಹಿಂದಿನ ವರ್ಷದ ಆ ನಾಲ್ವರನ್ನು ಹುಡುಕಿದೆನು, ಸಿಗಲಿಲ್ಲ. ಅಲ್ಲಿದ್ದ ಬೇರೆ ನಾಲ್ವರಿಗೆ ಆ ಹಣ ಕೊಟ್ಟೆನು. ಸಾಲ ತೀರಿತೆಂದು ಮಾತ್ರ ಅನಿಸಲಿಲ್ಲ. ಊರಿಗೆ ಬಂದು ಹಮಾಲಿಯ ದರವನ್ನು ಅವರು ಕೇಳುವ ಮೊದಲೇ ಏರಿಸಿದೆನು.

ಯಾತ್ರೆ ಏರ್ಪಡಿಸುವ ಬಸದಿಯ ಟ್ರಸ್ಟಿನವರಲ್ಲಿ ನನ್ನದೊಂದು ವಿನಂತಿ: ಬಸ್ಸು, ಊಟದ ಖರ್ಚಿನೊಡನೆ ಡೋಲಿ ಹೊರುವವರ ನ್ಯಾಯವಾದ ಕೂಲಿಯನ್ನೂ ಮೊದಲೇ ಲೆಕ್ಕದಲ್ಲಿ ಸೇರಿಸಿರಿ. ಬೆಟ್ಟದ ಬುಡದಲ್ಲಿ ಚೌಕಾಸಿ ಮಾಡುವ ಪ್ರಸಂಗ ಯಾವ ಶ್ರಾವಕನಿಗೂ ಬಾರದಿರಲಿ.