ವಾರಸುದಾರರಿಲ್ಲದ ಟಪಾಲು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತೊಲೆಗೆ ಒಂದು ಬಾಗಿದ ತಂತಿ ತೂಗುತ್ತಿತ್ತು. ಬಂದ ಕಾಗದವನ್ನು ಓದಿಸಿ, ಕೇಳಿ, ಅದಕ್ಕೆ ಚುಚ್ಚಿಡುವುದು ರೂಢಿ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲೂ ರಾಣೆಬೆನ್ನೂರಿನ ಅರಳೆ ವ್ಯಾಪಾರಿಯ ಪಡಸಾಲೆಯಲ್ಲೂ ಅಂಥ ತಂತಿ ಇರುತ್ತಿತ್ತು. ಅದು ಊರಿಗೆ ಬಂದು ಮುಟ್ಟಿದ ಕಾಗದಗಳ ಜಾಗ. ಮುಟ್ಟದೇ ಹೋದವು ಎಲ್ಲಿ ಹೋದವು ಎಂದು ನಾವು ಯಾರೂ ಕೇಳಲಿಲ್ಲ.

1898ರ ಅಂಚೆ ಕಾಯ್ದೆಯಲ್ಲಿ ಅದಕ್ಕೆ ಉತ್ತರವಿದೆ. ಬಟವಾಡೆಯಾಗದ ಟಪಾಲನ್ನು ಗೊತ್ತುಪಡಿಸಿದ ಅವಧಿಯವರೆಗೆ ಅಂಚೆ ಕಚೇರಿಯಲ್ಲಿ ಇಡಬೇಕಿತ್ತು. ಅಂಥ ಟಪಾಲಿನ ಯಾದಿ ಪ್ರಕಟಿಸಲು ನಿಯಮ ಮಾಡುವ ಅಧಿಕಾರವೂ ಸರ್ಕಾರಕ್ಕಿತ್ತು. ಕಳಿಸಿದವರ ಪತ್ತೆಗಾಗಿ, ಗುಟ್ಟು ಕಾಯಲು ಬದ್ಧನಾದ ಅಧಿಕಾರಿಯೊಬ್ಬ ಲಕೋಟೆ ಒಡೆದು ನೋಡುತ್ತಿದ್ದ. ಆಗಲೂ ದಾರಿ ಕಾಣದಿದ್ದರೆ ಒಳಗಿನ ಹಣವನ್ನು ಒಂದು ವರ್ಷ ಕಾದಿಡಬೇಕಿತ್ತು, ಕಾಗದವನ್ನು ನಾಶ ಮಾಡಬೇಕಿತ್ತು. 2024ರ ಜೂನ್ 18ರಂದು ಹೊಸ ಕಾಯ್ದೆ ಜಾರಿಗೆ ಬರುವವರೆಗೂ ಈ ಮಾತು ಕಾನೂನಿನ ಪುಸ್ತಕದಲ್ಲಿತ್ತು.

ಅಮೆರಿಕದ ಪತ್ರಿಕೆಗಳಲ್ಲಿ, ಆಸ್ಟ್ರೇಲಿಯದ ಸರ್ಕಾರಿ ಗೆಜೆಟ್ಟುಗಳಲ್ಲಿ ವಾರಸುದಾರರಿಲ್ಲದ ಕಾಗದಗಳ ಯಾದಿ ಅಚ್ಚಾಗುತ್ತಿತ್ತು. ವಂಶದ ಬೇರು ಹುಡುಕುವವರು ಇಂದು ಅದನ್ನು ಸಾಲುಸಾಲಾಗಿ ಓದುತ್ತಾರೆ. ಯಾದಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಮನುಷ್ಯ ಆ ಊರಿನಲ್ಲಿದ್ದ ಎನ್ನಲಾಗದು. ಆದರೆ ಅವನು ಅಲ್ಲಿದ್ದಾನೆಂದು ನಂಬಿ ಯಾರೋ ಒಬ್ಬರು ಬರೆದಿದ್ದರು ಎಂಬುದು ಖಾತ್ರಿ. ಗುಳೆ ಹೋದವರ, ಮನೆ ಮುರಿದು ಚದುರಿದವರ ಜಾಡು ಹಿಡಿಯಲು ಅಷ್ಟು ಸಾಕು.

ನಮ್ಮಲ್ಲಿ ಆ ಜಾಡು ವಿಳಾಸದಲ್ಲಿದೆ. ‘ಮು॥ ಪೋ॥ ಮೋಟೆಬೆನ್ನೂರ, ತಾ॥ ಬ್ಯಾಡಗಿ, ಜಿ॥ ಧಾರವಾಡ’ ಎಂದಿದ್ದರೆ ಅದು 1997ರಲ್ಲಿ ಹಾವೇರಿ ಜಿಲ್ಲೆಯಾಗುವುದಕ್ಕೂ ಹಿಂದಿನ ರೂಢಿಯ ಬರವಣಿಗೆ. ಕೊನೆಯಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್‌ನಿಂದ ಈಚಿನದು. ‘ಮಾರ್ಫತ್’ ಎಂದು ಯಾವುದೋ ಅಡತಿ ಅಂಗಡಿಯ ಹೆಸರಿದ್ದರೆ ಮನೆತನದ ವ್ಯವಹಾರ ಯಾರೊಂದಿಗಿತ್ತು ಎಂಬುದೂ ತಿಳಿಯುತ್ತದೆ.

ಒಂದು ಜಾತಿಯ ಕಾಗದವನ್ನು ಮಾತ್ರ ನಾವೇ ಉಳಿಸಲಿಲ್ಲ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಜೋಪಾನ ಮಾಡಿದೆವು. ಸಾವಿನ ಸುದ್ದಿಯ ಕಾರ್ಡನ್ನು ಮನೆಯಲ್ಲಿಡಬಾರದೆಂದು ಓದಿದ ಕೂಡಲೇ ಹರಿದೆವು. ಹಿರಿಯರ ಮದುವೆಯ ತಿಥಿ ಗೊತ್ತಿದ್ದೂ ಮರಣದ ದಿನ ಗೊತ್ತಿಲ್ಲದ ಮನೆಗಳು ಅದಕ್ಕೇ ಇಷ್ಟೊಂದು.

ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತಿದ್ದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು, ಹೊತ್ತಿಗೆ ಬಿಚ್ಚಿ, ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಮನೆತನದ ವಂಶಾವಳಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಿದ್ದರು. ಈಗ ಅವರ ಬರವೂ ಅಪರೂಪ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದರೆ ತಪ್ಪು ಅವರದಲ್ಲ. ಕಾಳು ಕೊಟ್ಟು ಕೂರಿಸಿ ಕೇಳುವವರು ನಾವೇ ಇಲ್ಲವಾದೆವು.

ಯಾರಿಗೂ ಸಲ್ಲದ ಕಾಗದವನ್ನು ನಾಶ ಮಾಡಲು ಅಂಚೆಯವರಿಗೆ ಕಾನೂನಿನ ಕಟ್ಟಳೆ ಇತ್ತು. ಮನೆಗೆ ಬಂದು ಮುಟ್ಟಿದ ಕಾಗದವನ್ನು ರದ್ದಿಗೆ ಹಾಕಲು ನಮಗೆ ಯಾವ ಕಟ್ಟಳೆಯೂ ಇಲ್ಲ. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಹಳೆಯ ಕಾರ್ಡು, ಇನ್‌ಲ್ಯಾಂಡು ಇದ್ದರೆ ದಯವಿಟ್ಟು ಎಸೆಯಬೇಡಿ. ಅಂಚೆ ಮುದ್ರೆಯ ಊರು, ತಾರೀಖು, ಬರೆದವರ ಹೆಸರನ್ನು ಒಂದು ವಹಿಯಲ್ಲಿ ಬರೆದಿಡಿ. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಓದಿ. ಆ ಹೆಸರುಗಳು ಯಾರವೆಂದು ಅವರಿಗಷ್ಟೇ ಗೊತ್ತು.