ಅಪ್ಪನ ಯಕೃತ್ತು, ನನ್ನ ಯಕೃತ್ತು

ಕಳೆದ ಚಳಿಗಾಲದಲ್ಲಿ ಇಲ್ಲಿನ ವೈದ್ಯರು ನನ್ನ ಸ್ಕ್ಯಾನ್ ವರದಿ ನೋಡಿ ಕೇಳಿದ ಮೊದಲ ಪ್ರಶ್ನೆ, "ವಾರಕ್ಕೆ ಎಷ್ಟು ಮದ್ಯ ಸೇವಿಸುತ್ತೀರಿ?" ಎಂಬುದು. ಒಂದು ಹನಿಯನ್ನೂ ಮುಟ್ಟದ ನನಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ನಮ್ಮ ತಂದೆಯವರು ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡಾಗ, ಸಾವಿನ ಮನೆಗೆ ಬಂದವರ ಕಣ್ಣುಗಳಲ್ಲಿಯೂ ಅದೇ ಪ್ರಶ್ನೆಯಿತ್ತು. ಹೈಸ್ಕೂಲು ಮೇಷ್ಟರಾಗಿದ್ದ ಅವರು ಕಾಫಿ ಬಿಟ್ಟು ಬೇರೇನನ್ನೂ ಕುಡಿದವರಲ್ಲ. ಆದರೂ ಒಂದು ರಾತ್ರಿ ನಾನು ಅವರ ಬೀರು ತೆರೆದು, ಬಟ್ಟೆಗಳ ಹಿಂದೆ ಬಾಟಲಿ ಇದೆಯೇ ಎಂದು ಹುಡುಕಿದೆ. ಸಿಕ್ಕಿದ್ದು ಒಂದು ಪೊಟ್ಟಣ ಕಲ್ಲುಸಕ್ಕರೆ ಮಾತ್ರ. ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ವೃತ್ತಿಯಿಂದ ನಾನು ಇಂಜಿನಿಯರ್, ವೈದ್ಯನಲ್ಲ. ಆದರೆ ವರದಿ ಕೈಗೆ ಬಂದ ಮೇಲೆ ಓದದೆ ಇರಲಾಗಲಿಲ್ಲ. ಓದಿ ತಿಳಿದದ್ದು ಇಷ್ಟು.

ನಾವು ಉಂಡ ಅನ್ನ, ಸಕ್ಕರೆಗಳಲ್ಲಿ ಬಳಕೆಯಾಗಿ ಮಿಕ್ಕಿದ್ದನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸಬಲ್ಲದು. ಈ ಕಾರ್ಯದ ಮುಖ್ಯ ನಿಯಂತ್ರಕ ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ. ಅದು ತಯಾರಿಸುವ ಮ್ಯಾಲೊನೈಲ್ ಕೋಎ ಎಂಬ ಅಣುವಿಗೆ ಎರಡು ಕೆಲಸ. ಒಂದು, ಹೊಸ ಕೊಬ್ಬಿಗೆ ಕಚ್ಚಾವಸ್ತುವಾಗುವುದು. ಇನ್ನೊಂದು, ಕೊಬ್ಬನ್ನು ಉರಿಸುವ ಒಲೆಯಾದ ಮೈಟೋಕಾಂಡ್ರಿಯಕ್ಕೆ ಕೊಬ್ಬಿನ ಆಮ್ಲಗಳು ಹೋಗದಂತೆ ತಡೆಯುವುದು. ಅಲ್ಲಿ ಬಾಗಿಲು ಕಾಯುವ ಸಿಪಿಟಿ-1 ಎಂಬ ಕಿಣ್ವವನ್ನು ಈ ಅಣು ಕಟ್ಟಿಹಾಕುತ್ತದೆ. ಹೀಗಾಗಿ ಕಣಜ ತುಂಬುವ ಹೊತ್ತಿನಲ್ಲಿ ಒಲೆ ಉರಿಯದು.

ಊಟದ ನಂತರ ಏರುವ ಇನ್ಸುಲಿನ್ ಕೊಬ್ಬು ಕಟ್ಟುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಹಸಿದಾಗ ಗ್ಲುಕಗಾನ್ ಏರುತ್ತದೆ. ಜೀವಕೋಶದ ಶಕ್ತಿ ಕುಗ್ಗಿದಾಗ ಎಎಂಪಿಕೆ ಎಂಬ ಮತ್ತೊಂದು ಕಿಣ್ವ ಎಚ್ಚೆತ್ತು ಮೊದಲನೆಯದನ್ನು ಸುಮ್ಮನಾಗಿಸುತ್ತದೆ. ಆಗ ಬಾಗಿಲು ತೆರೆಯುತ್ತದೆ. ಇನ್ಸುಲಿನ್ ಪ್ರತಿರೋಧ ಉಂಟಾದವರಲ್ಲಿ ಈ ಲೆಕ್ಕ ತಪ್ಪುತ್ತದೆ. ಮೈಯ ಕೊಬ್ಬಿನ ಅಂಗಾಂಶವು ಇನ್ಸುಲಿನ್ನಿನ ಮಾತು ಕೇಳದೆ ಕೊಬ್ಬಿನ ಆಮ್ಲಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಯಕೃತ್ತು ಮಾತ್ರ ಅದರ ಮಾತು ಕೇಳಿ ಕೊಬ್ಬು ಕಟ್ಟುತ್ತಲೇ ಇರುತ್ತದೆ. ಕೊಬ್ಬಿನಂಶ ಶೇ. 5ನ್ನು ಮೀರಿದರೆ ಅದು ಕಾಯಿಲೆಯ ಲಕ್ಷಣ. ಕೆಲವರಲ್ಲಿ ಉರಿಯೂತ, ಕಲೆಗಟ್ಟುವಿಕೆ, ಕಡೆಗೆ ಸಿರೋಸಿಸ್. ಇದಕ್ಕೆ ಮದ್ಯ ಬೇಕಿಲ್ಲ. ದಕ್ಷಿಣ ಏಷ್ಯಾದವರಲ್ಲಿ ತೆಳ್ಳಗೆ ಕಾಣುವವರಿಗೂ ಇದು ಬರುತ್ತದೆ. 2023ರಲ್ಲಿ ತಜ್ಞರು ಈ ಕಾಯಿಲೆಯ ಹೆಸರನ್ನು ಬದಲಿಸಿ, ಅದರಲ್ಲಿದ್ದ ಮದ್ಯದ ಉಲ್ಲೇಖವನ್ನೇ ಕೈಬಿಟ್ಟರು. ರೋಗಿಗಳಿಗೆ ಅಂಟುವ ಕಳಂಕವೂ ಅದಕ್ಕೊಂದು ಕಾರಣವಾಗಿತ್ತು. ಅದನ್ನು ಓದಿದ ದಿನ ನಾನು ಬಹಳ ಹೊತ್ತು ಮಾತಾಡಲಿಲ್ಲ.

ದೇಹತೂಕದಲ್ಲಿ ಶೇ. 7ರಿಂದ 10ರಷ್ಟು ಇಳಿದರೆ ಯಕೃತ್ತು ಬಹುಮಟ್ಟಿಗೆ ಚೇತರಿಸಿಕೊಳ್ಳಬಲ್ಲದು ಎಂದರು ವೈದ್ಯರು. ಎಂಟು ತಿಂಗಳಲ್ಲಿ ಆರು ಕೆ.ಜಿ. ಇಳಿದಿದ್ದೇನೆ. ಸಕ್ಕರೆ ಪಾನೀಯ ಬಿಟ್ಟಿದ್ದೇನೆ, ರಾತ್ರಿ ಊಟವನ್ನು ಬೇಗ ಮುಗಿಸಿ ನಡೆಯುತ್ತೇನೆ.

ಕಳೆದ ವಾರ ಅಮ್ಮನಿಗೆ ಫೋನು ಮಾಡಿ, ಬೀರು ಹುಡುಕಿದ ವಿಷಯವನ್ನು ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಒಂದ್ಸಲ ಹುಡುಕಿದ್ದೆ ಕಣಪ್ಪ" ಎಂದರು.

ಸದಸ್ಯ ಬಂಧುಗಳೇ, ರಾಜ್ಯೋತ್ಸವದ ಊಟದಲ್ಲಿ ನಾನು ಎರಡನೆಯ ಹೋಳಿಗೆ ಬೇಡವೆಂದರೆ ಬೇಸರಿಸಬೇಡಿ. ಮನೆಯಲ್ಲಿ ಮಧುಮೇಹವಿದ್ದವರು, ಸೊಂಟದ ಸುತ್ತಳತೆ ಬೆಳೆದವರು ಒಮ್ಮೆ ವೈದ್ಯರಲ್ಲಿ ಯಕೃತ್ತಿನ ವಿಚಾರವನ್ನೂ ಕೇಳಿ. ಊರಿನಲ್ಲಿ ಯಾರಾದರೂ ಈ ಕಾಯಿಲೆಯಿಂದ ಮಲಗಿದ್ದರೆ, ಅವರ ಬೀರುವನ್ನು ಹುಡುಕಬೇಡಿ.