ಅಟ್ಟದ ಮೇಲೆ ಏನೋ...

2025ರ ಮಳೆಗಾಲದಲ್ಲಿ ತಿಪಟೂರು ಮಾರ್ಕೆಟ್ಟಿನಲ್ಲಿ ಕೊಬ್ಬರಿ ಬೆಲೆ ಹುಚ್ಚೆದ್ದು ಕುಣೀತಿತ್ತು. ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರ ಗೊತ್ತು ಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಮಾರ್ಕೆಟ್ಟಿನಲ್ಲಿ ಅದರ ಎರಡು ಪಟ್ಟಿಗೂ ಮೇಲೆ ಹೋಗ್ತಿತ್ತು. 2023ರಲ್ಲಿ ಇದೇ ಕೊಬ್ಬರಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ರೈತರು ಧರಣಿ ಕೂತಿದ್ರು ಅಂದ್ರೆ ನಂಬೋದೇ ಕಷ್ಟ. ಬೆಲೆ ಬಂದಾಗ ಜೊತೆಗೆ ಬರೋ ಇನ್ನೊಂದು ಭಾಗ್ಯ ಕಳ್ಳರು. ತೋಟದಲ್ಲಿ ಬಿದ್ದ ಕಾಯಿಂದ ಹಿಡಿದು ಅಟ್ಟದ ಮೇಲಿನ ಕಾಯಿವರೆಗೆ ಯಾವುದಕ್ಕೂ ನೆಮ್ಮದಿ ಇರಲಿಲ್ಲ.

ಈ ಕಡೆಯವರಲ್ಲದವರಿಗೆ ಸ್ವಲ್ಪ ಹೇಳ್ಬೇಕು. ನಮ್ಮ ಹೊನ್ನವಳ್ಳಿ ಸೀಮೆಯಲ್ಲಿ ಬಲಿತ ಕಾಯನ್ನ ಕಿತ್ತ ತಕ್ಷಣ ಮಾರಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸ್ತೀವಿ. ಅಲ್ಲಿ ಅದು ಹತ್ತು ಹನ್ನೊಂದು ತಿಂಗಳು ಸುಮ್ನೆ ಬಿದ್ದಿರುತ್ತೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗಿಟಕಾಗಿ, ಅಲ್ಲಾಡಿಸಿದ್ರೆ ಒಳಗೆ ಉರುಳೋ ಸದ್ದು ಬಂದ ಮೇಲೆ ಸುಲಿದು, ಒಡೆದು, ಉಂಡೆಯಾಗಿ ತೆಗೆಯೋದು. ಅಂದ್ರೆ ಒಂದು ವರ್ಷದ ದುಡಿಮೆ ಅಷ್ಟೂ ತಲೆ ಮೇಲೇ ಇರುತ್ತೆ. ಅದರ ಕೆಳಗೆ ನಮ್ಮಜ್ಜಿ ಒಬ್ಬಳೇ ಮಲಗ್ತಾಳೆ.

ನಾನು ಬೆಂಗಳೂರಿನಲ್ಲಿ ಮಾಡೋ ಕೆಲಸವೂ ಇದೇ ನೋಡಿ. ಮನೇಲಿ ಯಾರಾದ್ರೂ ಓಡಾಡಿದ್ರೆ ಮೊಬೈಲಿಗೆ ಸುದ್ದಿ ಕೊಡೋ ಆಪ್. ಸೆನ್ಸರ್ ಮಾಡೋರು ಬೇರೆಯವರು. ಪರದೆ ಮೇಲೆ ಏನು ಕಾಣ್ಬೇಕು, ಯಾವಾಗ ಕೂಗ್ಬೇಕು, ಯಾವ ಪದದಲ್ಲಿ ಕೂಗ್ಬೇಕು ಅನ್ನೋದು ನಮ್ಮ ಟೀಮಿನ ಪಾಲು. ಸರಿ, ಊರಿಗೆ ಹೋದಾಗ ಎರಡು ಸೆನ್ಸರ್ ತಗೊಂಡು ಹೋಗಿ, ಒಂದನ್ನ ಅಟ್ಟದ ಮೇಲೆ, ಇನ್ನೊಂದನ್ನ ನಡುಮನೇಲಿ ಏಣಿಯ ಬುಡ ಕಾಣೋ ಹಾಗೆ ಹಾಕಿ ಬಂದೆ. ಬಸ್ಸಲ್ಲಿ ವಾಪಸ್ ಬರ್ತಾ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆ.

ಮೊದಲ ರಾತ್ರಿ ಮೊಬೈಲು ಮೂವತ್ತೆಂಟು ಸಲ ಕೂಗ್ತು. ಇಲಿ, ಇಲಿ ಹಿಡಿಯೋಕೆ ಹೋದ ಬೆಕ್ಕು! ಮಾರನೇ ದಿನ ಮಧ್ಯಾಹ್ನ ಅಳಿಲೂ ಇಲ್ಲ ಬೆಕ್ಕೂ ಇಲ್ಲ, ಆದ್ರೂ ಕೂಗು. ಆ ಸೆನ್ಸರು ನಿಜವಾಗಿ ನೋಡೋದು ಚಲನೆಯನ್ನಲ್ಲ, ಶಾಖ ಬದಲಾಗೋದನ್ನ. ಮೈಯಿಂದ ಹೊರಡೋ ಅತಿಗೆಂಪು ಕಿರಣ ಮುಂದಿರೋ ಪ್ಲಾಸ್ಟಿಕ್ ಮಸೂರದ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದ್ರೆ ಅದಕ್ಕೆ ಎಚ್ಚರ. ತಗಡಿನ ಸೂರು ಕಾದು ಬಿಸಿ ಗಾಳಿ ಸುಳಿದ್ರೂ ಸಾಕು, ಮೋಸ ಹೋಗುತ್ತೆ. ಬೇಸಿಗೆಯ ಕತೆ ಇನ್ನೂ ಚೆಂದ. ಅಟ್ಟದ ಬಿಸಿ ಮೈಬಿಸಿಯ ಹತ್ತಿರಕ್ಕೆ ಬಂದ್ರೆ ಎದುರಿಗೆ ಮನುಷ್ಯ ಬಂದ್ರೂ ಇದಕ್ಕೆ ವ್ಯತ್ಯಾಸ ತಿಳಿಯೋದೇ ಕಷ್ಟ.

ಇದೆಲ್ಲ ನಂಗೆ ಪುಸ್ತಕದಲ್ಲಿ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಕನ್ನಡ.

ಆಪಿನ ಕನ್ನಡ ರೂಪದಲ್ಲಿ "ಚಲನೆ ಪತ್ತೆಯಾಗಿದೆ" ಅಂತ ಇತ್ತು. ಪೊಲೀಸ್ ಪ್ರಕಟಣೆ ಥರ. ಬದಲಾಯಿಸೋಣ ಅಂತ ಕೂತೆ. ನಮ್ಮ ಮನೇಲಿ ಹೇಗೆ ಹೇಳ್ತಾರೆ? "ಅಟ್ಟದ ಮೇಲೆ ಏನೋ ಓಡಾಡ್ತಿದೆ." ಅಥವಾ "ಯಾರೋ ಓಡಾಡ್ತಿದಾರೆ." ಅಲ್ಲೇ ಸಿಕ್ಕಿಹಾಕಿಕೊಂಡೆ. ಏನೋ ಅಂದ್ರೆ ಬೆಕ್ಕು, ಮಗ್ಗುಲು ಬದಲಾಯಿಸಿ ಮಲಗಬಹುದು. ಯಾರೋ ಅಂದ್ರೆ ಎದೆ ಧಸಕ್ ಅನ್ನುತ್ತೆ. ಇಂಗ್ಲಿಷಿನ ಮೋಷನ್ ಅನ್ನೋ ಪದ ಎರಡಕ್ಕೂ ಸೇರದೆ ಜಾಣತನದಿಂದ ತಪ್ಪಿಸಿಕೊಳ್ಳುತ್ತೆ. ನಮ್ಮ ಆಡುಮಾತು ಮನುಷ್ಯನೋ ಅಲ್ಲವೋ ಮೊದಲು ಹೇಳು ಅನ್ನುತ್ತೆ, ಸೆನ್ಸರಿಗೆ ಅದು ಗೊತ್ತಿಲ್ಲ. ಎರಡು ದಿನ ಒದ್ದಾಡಿ ಕೊನೆಗೆ "ಅಟ್ಟದಲ್ಲಿ ಓಡಾಟ" ಅಂತ ಮಾತ್ರ ಇಟ್ಟೆ. ಕ್ರಿಯಾಪದವೇ ಇಲ್ಲ, ಜಗಳವೂ ಇಲ್ಲ :-)

ಕೂಗಾಟ ಕಡಿಮೆ ಮಾಡೋದನ್ನ ಕಲಿಸಿದ್ದು ನಮ್ಮ ಚಿಕ್ಕಪ್ಪನ ಬೋರ್‌ವೆಲ್. ಅವರ ಸ್ಟಾರ್ಟರಿಗೆ ಒಂದು ಸಿಮ್ ಇದೆ. ಫೋನ್ ಮಾಡಿ ಒಂದು ಒತ್ತಿದ್ರೆ ಮೋಟರ್ ಆನ್, ತ್ರೀ ಫೇಸ್ ಬಂದಾಗ ಅದೇ ಇವರಿಗೆ ಫೋನ್ ಮಾಡುತ್ತೆ. ಪುಣೆ ಕಡೆಯ ಸಂತೋಷ್ ಓಸ್ತ್ವಾಲ್ ಅನ್ನೋರ ನ್ಯಾನೋ ಗಣೇಶ್ ಇಂಥದ್ದೇ, 2009ರಲ್ಲಿ ಅದಕ್ಕೆ ನೋಕಿಯಾದ ಬಹುಮಾನ ಬಂದಿತ್ತು. ಪರದೆ ಇಲ್ಲ, ಬಣ್ಣ ಇಲ್ಲ. ಆದ್ರೆ ಅದು ಫೋನ್ ಮಾಡಿದ್ರೆ ಚಿಕ್ಕಪ್ಪ ಊಟದ ನಡುವೆಯೂ ಎದ್ದೇಳ್ತಾರೆ. ಯಾಕಂದ್ರೆ ಮಾಡೋ ಕೆಲಸ ಇದ್ದಾಗ ಮಾತ್ರ ಅದು ಕೂಗೋದು. ಅಟ್ಟಕ್ಕೆ ಹೋಗ್ಬೇಕಾದ್ರೆ ಕಳ್ಳ ಏಣಿ ಹತ್ತಲೇಬೇಕು ತಾನೆ? ರಾತ್ರಿ ಹೊತ್ತು ಮೊದಲು ಏಣಿ ಬುಡ, ಆಮೇಲೆ ಅಟ್ಟ, ಈ ಕ್ರಮದಲ್ಲಿ ಎರಡೂ ಎಚ್ಚರಾದ್ರೆ ಮಾತ್ರ ಕೂಗು ಅಂತ ಮಾಡಿದೆ. ಇಲಿ ಬೆಕ್ಕುಗಳ ಕಾಟ ಹೆಚ್ಚುಕಡಿಮೆ ನಿಂತೇ ಹೋಯ್ತು.

ಅಲ್ಲಿಗೇ ಬಿಡಬೇಕಿತ್ತು. ಆದ್ರೆ ನಡುಮನೆಯ ಸೆನ್ಸರು ದಿನವಿಡೀ ಅಜ್ಜಿಯ ಓಡಾಟವನ್ನೂ ಬರೀತಿತ್ತು. ಬೆಳಗ್ಗೆ ಐದೂ ಕಾಲಿಗೆ ಎದ್ದಳು, ಮಧ್ಯಾಹ್ನ ಮಲಗಿದಳು... ಆಫೀಸಲ್ಲಿ ಕೂತು ಆ ಗೆರೆಗಳನ್ನ ನೋಡೋದು ಅಭ್ಯಾಸ ಆಯ್ತು. ಜಪಾನಿನಲ್ಲಿ ಜೋಜಿರುಶಿ ಕಂಪನಿ 2001ರಲ್ಲೇ ಇಂಥದ್ದೊಂದು ಶುರು ಮಾಡಿತ್ತು. ಒಂಟಿ ವೃದ್ಧರು ಟೀಗೆ ಬಿಸಿನೀರು ಬಗ್ಗಿಸಿಕೊಂಡ್ರಾ ಅಂತ ಆ ನೀರಿನ ಪಾತ್ರೆಯೇ ಮಕ್ಕಳಿಗೆ ದಿನಕ್ಕೆ ಎರಡು ಸಲ ಮಿಂಚಂಚೆ ಕಳಿಸುತ್ತೆ. ನಾನೂ ಒಂದು ನಿಯಮ ಸೇರಿಸಿದೆ. ಬೆಳಗ್ಗೆ ಎಂಟಾದ್ರೂ ಓಡಾಟ ಇಲ್ಲ ಅಂದ್ರೆ ತಿಳಿಸು.

ಒಂದು ಮಂಗಳವಾರ ತಿಳಿಸ್ತು. ಹನ್ನೆರಡು ಗಂಟೆಯಿಂದ ಓಡಾಟ ಇಲ್ಲ. ಅಜ್ಜಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕೈ ನಡುಗೋಕೆ ಶುರುವಾಯ್ತು. ಪಕ್ಕದ ಮನೆ ಅಕ್ಕನಿಗೆ ಫೋನ್ ಮಾಡಿ ಏನು ಹೇಳಿದ್ನೋ ನೆನಪಿಲ್ಲ. ಅವರು ಕೂಗಿಕೊಂಡು ಓಡಿದ್ರು, ಅವರ ಹಿಂದೆ ಬೀದಿ ಓಡ್ತು. ನಾನು ಫೋನ್ ಕಿವಿಗಿಟ್ಟುಕೊಂಡು ಬೆಂಗಳೂರಿನ ಮೆಟ್ಟಿಲ ಮೇಲೆ ಕೂತಿದ್ದೆ. ಬರೀ ಜನರ ಗದ್ದಲ ಕೇಳ್ತಿತ್ತು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಅಜ್ಜಿ ತೆಂಗಿನ ಗರಿ ಎಳ್ಕೊಂಡು ಬಂದಳಂತೆ. ಮನೆ ಮುಂದೆ ಜನ ನೋಡಿ ಗಾಬರಿಯಾಗಿ ಕೇಳಿದಳಂತೆ, "ಯಾರು ಹೋದ್ರಪ್ಪಾ?"

ಯಾರಿಗೂ ಬಾಯಿ ಬರಲಿಲ್ಲವಂತೆ.

ಆ ಶನಿವಾರ ಊರಿಗೆ ಹೋದೆ. ಸೆನ್ಸರಿನ ಮೇಲೆ ಒಂದು ಟವಲ್ಲು ತೂಗಾಡ್ತಿತ್ತು. ಅದರ ಕೆಂಪು ದೀಪ ಕಣ್ಣಿನ ಹಾಗೆ ಮಿಣುಕೋದು ನೋಡಿ, ಸೀರೆ ಉಡುವಾಗೆಲ್ಲ ಅಜ್ಜಿ ಅದಕ್ಕೆ ಬಟ್ಟೆ ಹಾಕ್ತಿದ್ಳಂತೆ. ಸೋಮವಾರ ಸಂಜೆ ತೆಗೆಯೋಕೆ ಮರೆತಿದ್ಳು. ಮುದ್ದೆ ಬಡಿಸಿದಳು, ಮಾತಿಲ್ಲ. ನಾನೇ ಶುರು ಮಾಡಿದೆ. ಇದು ಕ್ಯಾಮರಾ ಅಲ್ಲಜ್ಜಿ, ಫೋಟೋ ತೆಗೆಯಲ್ಲ, ಮೈ ಬಿಸಿ ಮಾತ್ರ ಗೊತ್ತಾಗುತ್ತೆ ಇದಕ್ಕೆ.

"ಅಂದ್ರೆ ನಾನಿನ್ನೂ ಬೆಚ್ಚಗಿದೀನೋ ತಣ್ಣಗಾಗಿದೀನೋ ಅಂತ ನೋಡಕ್ಕೆ ಮಡಗಿದೀಯ ಅನ್ನು" ಅಂದಳು.

ಏನು ಹೇಳ್ತೀರಾ ಇದಕ್ಕೆ? ನಮ್ಮ ಆಫೀಸಿನ ಕಾಗದಗಳಲ್ಲಿ ಬಳಕೆದಾರ ಅಂತ ಇರೋದು ನಾನು, ಅಂದ್ರೆ ಮೊಬೈಲು ಹಿಡಿದಿರೋನು. ಅಜ್ಜಿಗೆ ಆ ಚಿತ್ರದಲ್ಲಿ ಒಂದು ಚೌಕವೂ ಇರಲಿಲ್ಲ.

ಕೆಂಪು ದೀಪಕ್ಕೆ ಕಪ್ಪು ಟೇಪು ಅಂಟಿಸಿದೆ. ಬಾಗಿಲ ಹತ್ತಿರ ಒಂದು ಗುಂಡಿ ಇಡ್ತೀನಿ, ಹೊರಗೆ ಹೋಗುವಾಗ ಒತ್ತು ಅಂದೆ. "ನನ್ನ ತೋಟಕ್ಕೆ ಹೋಗಕ್ಕೆ ನಿನ್ನ ಅಪ್ಪಣೆ ಕೇಳ್ಬೇಕೇನ್ಲಾ?" ಅಂದಳು. ಗುಂಡಿ ಬ್ಯಾಗಿಗೆ ವಾಪಸ್ ಹೋಯ್ತು.

ಬೆಂಗಳೂರಿಗೆ ಬಂದು ಆಪ್ ತೆರೆದು ನೋಡ್ತಾ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಕರೆಂಟು ಹೋಗಿ ವೈಫೈ ಸತ್ತಾಗಲೂ ನಮ್ಮ ಪರದೆ ಹಸಿರು ಮನೆ ತೋರಿಸಿ "ಎಲ್ಲ ಶಾಂತ" ಅಂತಿತ್ತು. ಸುದ್ದಿ ಇಲ್ಲದ್ದನ್ನೇ ಒಳ್ಳೆ ಸುದ್ದಿ ಅಂದುಕೊಂಡಿತ್ತು. ಇಂಥ ಉಪಕರಣಗಳು ಮಾತಾಡೋ ಎಂಕ್ಯೂಟಿಟಿ ಅನ್ನೋ ಭಾಷೆ 1999ರಲ್ಲಿ ಎಣ್ಣೆ ಪೈಪ್‌ಲೈನ್ ಕಾಯೋಕೆ ಅಂತ ಹುಟ್ಟಿದ್ದು. ಅದರಲ್ಲಿ ಇದಕ್ಕೊಂದು ಸೌಕರ್ಯ ಇದೆ. ಉಪಕರಣ ಸಂಪರ್ಕಕ್ಕೆ ಬಂದಾಗಲೇ "ನಾನು ಹೇಳದೇ ಮಾಯವಾದ್ರೆ ಇದನ್ನ ಎಲ್ಲರಿಗೂ ತಿಳಿಸಿ" ಅಂತ ಒಂದು ಉಯಿಲು ಬರೆದಿಡುತ್ತೆ. ಹೆಸರೂ ಹಾಗೇ, ಲಾಸ್ಟ್ ವಿಲ್. ಅದನ್ನ ಬಳಸಿ ಓಡಾಟ ಇದೆ, ಓಡಾಟ ಇಲ್ಲ ಅನ್ನೋದರ ಪಕ್ಕ ಮೂರನೇದಾಗಿ ಬೂದು ಬಣ್ಣದಲ್ಲಿ "ಗೊತ್ತಿಲ್ಲ" ಅಂತ ಸೇರಿಸಿದೆ. ಟವಲ್ಲು ಮುಚ್ಚಿದ್ರೆ ಮಾತ್ರ ಅದಕ್ಕೂ ಗೊತ್ತಾಗಲ್ಲ. ಹಾಗಾಗಿ ಎಂಟು ಗಂಟೆಯ ಸುದ್ದಿಯ ಪದವನ್ನೂ ಬದಲಾಯಿಸಿದೆ. ಈಗ ಅದು "ಅಜ್ಜಿಗೊಂದು ಫೋನ್ ಮಾಡು" ಅಂತ ಮಾತ್ರ ಅನ್ನುತ್ತೆ. ಆಫೀಸಲ್ಲಿ ಗೊತ್ತಿಲ್ಲ ಅನ್ನೋ ಪದ ಗಿರಾಕಿಗೆ ಇಷ್ಟ ಆಗಲ್ಲ ಅಂತ ವಾದ ನಡೀತಾನೇ ಇದೆ. ಊರಿನ ಮನೆಯ ಪರದೆಯಲ್ಲಂತೂ ಇದೆ.

ಅಜ್ಜಿ ಹೇಳಿದ ಇನ್ನೊಂದು ಮಾತು ಬಾಕಿ ಇತ್ತು. "ನಾನು ಎದ್ದಿದ್ದು ಕೂತಿದ್ದು ನಿಂಗೆ ಗೊತ್ತಾಗುತ್ತೆ. ನೀನು ಉಂಡ್ಯೋ ಬಿಟ್ಯೋ ನಂಗೆ ಹೆಂಗ್ಲಾ ಗೊತ್ತಾಗ್ಬೇಕು?" ದೀಪಾವಳಿಗೆ ಹೋದಾಗ ಒಂದು ಚಿಕ್ಕ ಬಲ್ಬನ್ನ ದೇವರ ಗೂಡಿನ ಪಕ್ಕ ಹಾಕಿ ಬಂದೆ. ಇಲ್ಲಿ ನನ್ನ ರೂಮಿನಲ್ಲಿ ನಾನು ಓಡಾಡಿದ್ರೆ ಅಲ್ಲಿ ಅದು ಹತ್ತಿಕೊಳ್ಳುತ್ತೆ.

ಮೊದಲ ವಾರವೇ ರಾತ್ರಿ ಒಂದೂವರೆಗೆ ಫೋನು. ಎದೆ ಒಡೆದುಕೊಂಡು ಎತ್ತಿದೆ.

"ಯಾಕ್ಲಾ, ಇನ್ನೂ ಮಲಗಿಲ್ವಾ?"

ಈಗ ರಾತ್ರಿ ಹನ್ನೊಂದಾದ್ರೆ ನನ್ನ ಸೆನ್ಸರಿಗೆ ನಾನೂ ಒಂದು ಟವಲ್ಲು ಹಾಕ್ತೀನಿ. ಇದನ್ನ ಬರೀತಿರೋದೂ ಹಾಗೇ. ಬೆಳಗ್ಗೆ ಅವಳು ಏಳೋ ಹೊತ್ತಿಗೆ ತೆಗೀಬೇಕು, ಅಲಾರಂ ಇಟ್ಟಿದೀನಿ.